ಬೇರಿನ ಪುಡಿ

"ಮೂತ್ರಕೋಶ ರೀ, ಮೂತ್ರಕೋಶ! ಮೂತ್ರಪಿಂಡ ಅಲ್ಲ!" ಎಂದು ಅಕ್ಕ ಫೋನಿನಲ್ಲಿ ಕೂಗಿದಾಗ ತಮ್ಮ ಎದ್ದುಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿದ.

ಅದು ಆ ವಾರದ ಹನ್ನೊಂದನೆಯ ಆಸ್ಪತ್ರೆ. ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಾಯಿಸಿದರೆ ಕಾಯುತ್ತಿದ್ದಳು. "ಆಮೇಲೆ ಮಾಡಿ" ಎಂದವರ ಹೆಸರು ಕೇಳಿ ಬರೆದುಕೊಂಡು, ಆಮೇಲೆ ಮಾಡಿಯೇ ಮಾಡುತ್ತಿದ್ದಳು.

ತಮ್ಮ ಲಿಫ್ಟ್ ಮೆಕ್ಯಾನಿಕ್. ಎರಡು ವರ್ಷದಲ್ಲಿ ಮೂರು ಸಲ ಅವನ ಮೂತ್ರಕೋಶದೊಳಗಿನ ಗಡ್ಡೆ ಕೆರೆದು ತೆಗೆದು ಔಷಧಿ ಬಿಟ್ಟಿದ್ದರು, ಮತ್ತೆ ಬಂದಿತ್ತು. ಇನ್ನು ಮೂತ್ರಕೋಶವನ್ನೇ ತೆಗೆದು ಹೊಟ್ಟೆಗೆ ಚೀಲ ಅಂಟಿಸಬೇಕು ಎಂದು ಡಾಕ್ಟರು ಹೇಳಿದಾಗ ಅವನು ಬೇಡವೆಂದು ತಲೆ ಅಲ್ಲಾಡಿಸಿದ್ದ. "ಹಾಗಾದ್ರೆ ಕೆಲವು ಕಡೆ ಹೊಸ ಔಷಧಿಗಳ ಪ್ರಯೋಗ ನಡೀತಿರುತ್ತೆ, ವಿಚಾರಿಸಿ. ಆದ್ರೆ ಬಹಳ ದಿನ ಕಾಯೋ ಹಾಗಿಲ್ಲ," ಎಂದಿದ್ದರು ಡಾಕ್ಟರು.

ಹನ್ನೊಂದನೆಯ ಆಸ್ಪತ್ರೆ ಬನ್ನಿ ಎಂದಿತು. ಅಲ್ಲಿ ಇನ್ನು ಎರಡೇ ಜಾಗ ಉಳಿದಿದ್ದವು.

ಪ್ರಯೋಗದ ವಿಭಾಗ ಎಂದರೆ ನೆಲಮಾಳಿಗೆಯ ಒಂದು ಕೋಣೆ. ಒಂದು ಮೇಜು, ತೂಕದ ಯಂತ್ರ, ಗೋಡೆಯುದ್ದಕ್ಕೂ ಫೈಲು. ನರ್ಸ್ ಕೊಟ್ಟ ಹತ್ತೊಂಬತ್ತು ಪುಟಗಳ ಒಪ್ಪಿಗೆ ಪತ್ರವನ್ನು ತಮ್ಮ ಸಾಲಿನ ಕೆಳಗೆ ಬೆರಳಿಟ್ಟು ಪೂರ್ತಿ ಓದಿದ.

"ಅಂದ್ರೆ ನಾನು ಇಲಿನಾ?" ಎಂದು ಕೇಳಿದ.

"ಇಲಿಗಳ ಸರದಿ ಮುಗೀತು," ಎಂದರು ನರ್ಸ್. "ಅವು ಸಹಿ ಹಾಕಿರಲಿಲ್ಲ. ನೀವು ಹಾಕ್ತೀರಿ. ಬೇಡ ಅನ್ನಿಸಿದ ದಿನ ಬಿಟ್ಟು ಹೋಗಬಹುದು." ಆಮೇಲೆ ಇನ್ನೊಂದು ಹಾಳೆ ಎಳೆದುಕೊಂಡರು. "ಬೇರೆ ಏನಾದ್ರೂ ಔಷಧಿ, ಗಿಡಮೂಲಿಕೆ?"

"ಏನೂ ಇಲ್ಲ," ಎಂದಳು ಅಕ್ಕ, ಪ್ರಶ್ನೆ ಮುಗಿಯುವ ಮೊದಲೇ.

ಮೊದಲ ಆಪರೇಷನ್ ಆದಾಗಿನಿಂದ ಅವನು ದಿನಾ ಬೆಳಿಗ್ಗೆ ಬಿಸಿನೀರಿನಲ್ಲಿ ಒಂದು ಚಮಚ ಬೇರಿನ ಪುಡಿ ಕುಡಿಯುತ್ತಿದ್ದ. ಊರಿನ ಆ ತುದಿಯ ಅಂಗಡಿಯಲ್ಲಿ ಸಾಲು ನಿಂತು ಅದನ್ನು ತರುತ್ತಿದ್ದವಳು ಅಕ್ಕನೇ. ಆಸ್ಪತ್ರೆಯವರು ಮೊದಲೇ ಕಳಿಸಿದ್ದ ನಿಯಮಗಳ ಹಾಳೆಯನ್ನು ಬರುವಾಗ ಬಸ್ಸಿನಲ್ಲಿ ಓದಿ, "ಪುಡಿ ವಿಷಯ ಬಾಯಿ ಬಿಡಬೇಡ," ಎಂದು ಹೇಳಿಯೂ ಇದ್ದಳು.

ನರ್ಸ್ ಪೆನ್ನು ಹಾಳೆಗೆ ತಾಗಿಸಿದರು.

"ಒಂದು ಪುಡಿ ತಗೋತೀನಿ," ಎಂದ ತಮ್ಮ. "ಇವತ್ತೂ ತಗೊಂಡಿದೀನಿ."

ನರ್ಸ್ ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದರು. "ನಾಲ್ಕು ವಾರ ಪುಡಿ ನಿಲ್ಲಿಸಿ ಬನ್ನಿ. ಅದರಲ್ಲಿ ಏನೇನಿದೆಯೋ ಯಾರಿಗೆ ಗೊತ್ತು? ನಾಳೆ ಲಿವರ್ ಕೆಟ್ರೆ ಯಾವುದರಿಂದ ಕೆಡ್ತು ಅಂತ ಹೇಳೋದು?"

"ಮತ್ತೆ ಜಾಗ?" ಎಂದಳು ಅಕ್ಕ.

"ಹಿಡಿದಿಡೋಕೆ ಆಗಲ್ಲಮ್ಮ."

ಮೆಟ್ಟಿಲು ಹತ್ತಿ ಹೊರಗೆ ಬರುವ ತನಕ ಅಕ್ಕ ತಡೆದುಕೊಂಡಳು. "ದೊಡ್ಡ ಹರಿಶ್ಚಂದ್ರ! ಸುಮ್ನಿದ್ದಿದ್ರೆ ಮುಂದಿನ ವಾರವೇ ಶುರುವಾಗ್ತಿತ್ತು."

"ಹಗ್ಗ ಸವೆದಿರೋದು ಗೊತ್ತಿದ್ದೂ ಲಿಫ್ಟ್ ಸರಿಯಿದೆ ಅಂತ ನಾನು ಬರೆದಿಲ್ಲ ಕಣಕ್ಕ. ಒಂದು ಸಲವೂ."

"ಇದು ಲಿಫ್ಟೇನೋ?"

"ನನ್ನ ಹಿಂದೆ ಹತ್ತೋರು ಇರ್ತಾರಲ್ಲ."

ಬಸ್ ನಿಲ್ದಾಣದ ಬೆಂಚಿನಲ್ಲಿ ಅವಳು ನಿಯಮಗಳ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು. ಆಮೇಲೆ, "ಪುಡಿ ತಂದು ಕುಡಿಸಿದೋಳು ನಾನೇ ಅಲ್ವಾ," ಎಂದಳು.

"ವಿಪರೀತ ಕಹಿ ಇತ್ತು," ಎಂದ ತಮ್ಮ. "ಇಷ್ಟು ದಿನ ಹೇಳಿರಲಿಲ್ಲ ಅಷ್ಟೆ."

ಅವಳಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಎರಡನೆಯ ವಾರ ಮೂತ್ರದಲ್ಲಿ ರಕ್ತ ಕಾಣಿಸಿತು. ಅವನು ಹೇಳಲಿಲ್ಲ. ಬಚ್ಚಲಲ್ಲಿ ಎರಡೆರಡು ಸಲ ನೀರು ಸುರಿಯುವ ಸದ್ದು ಕೇಳಿ ಅವಳಿಗೆ ತಿಳಿಯಿತು, ಅವಳೂ ಕೇಳಲಿಲ್ಲ. ಮೂರನೆಯ ವಾರ ನರ್ಸ್ ಫೋನ್ ಮಾಡಿ ಒಂದು ಜಾಗ ತುಂಬಿತು ಎಂದರು.

"ಯಾರಿಗೆ ಸಿಕ್ತು? ವಯಸ್ಸಾದೋರಾ?"

"ಅದೆಲ್ಲ ಹೇಳೋ ಹಾಗಿಲ್ಲಮ್ಮ."

"ಹೋಗ್ಲಿ ಬಿಡಿ. ಅವರು ಚೆನ್ನಾಗಿರಲಿ," ಎಂದಳು ಅಕ್ಕ, ಮತ್ತು ಆ ಕಡೆಯವರು ಇಡುವ ಮೊದಲೇ ಫೋನ್ ಇಟ್ಟಳು. ಹಾಗೆ ಅವಳು ಎಂದೂ ಮಾಡಿದವಳಲ್ಲ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ನೆಲಮಾಳಿಗೆಯ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಅಲ್ಲಿ ನಿಂತಿದ್ದರು. ಉಳಿದ ಒಂದು ಜಾಗ ಹಾಗೇ ಇತ್ತು. ರಕ್ತ ಪರೀಕ್ಷೆಯಾಯಿತು, ಒಳಗೆ ಕ್ಯಾಮರಾ ಬಿಟ್ಟು ನೋಡಿದ್ದಾಯಿತು. ಗಡ್ಡೆ ಸ್ವಲ್ಪ ಹರಡಿತ್ತು, ಆದರೆ ಮೂತ್ರಕೋಶದ ಗೋಡೆಯ ಆಳಕ್ಕೆ ಇಳಿದಿರಲಿಲ್ಲ. ಪ್ರಯೋಗಕ್ಕೆ ತೆಗೆದುಕೊಳ್ಳಬಹುದು ಎಂದರು ಅಲ್ಲಿನ ಡಾಕ್ಟರು. ಅವನು ಹತ್ತೊಂಬತ್ತೂ ಪುಟಗಳಿಗೆ ಸಹಿ ಹಾಕಿದ.

ನಂತರದ ಸೋಮವಾರ ಸಣ್ಣ ನಳಿಕೆಯಲ್ಲಿ ಮೂತ್ರಕೋಶದೊಳಕ್ಕೆ ಔಷಧಿ ಬಿಟ್ಟರು. ಎರಡು ಗಂಟೆ ಕಾಲ ಅದನ್ನು ಒಳಗೇ ಹಿಡಿದಿಟ್ಟುಕೊಳ್ಳಬೇಕು. ಔಷಧಿ ಎಲ್ಲ ಕಡೆ ತಾಗುವಂತೆ ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

"ಕೆಲಸ ಮಾಡುತ್ತಾ?" ಎಂದಳು ಅಕ್ಕ.

"ಅದನ್ನ ತಿಳ್ಕೊಳ್ಳೋಕೇ ಇದು," ಎಂದರು ನರ್ಸ್. "ಮೂರು ತಿಂಗಳಿಗೆ ಮತ್ತೆ ಕ್ಯಾಮರಾ ಬಿಟ್ಟು ನೋಡೋಣ."

ನರ್ಸ್ ಹೋದ ಮೇಲೆ ಅಕ್ಕ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡು ಕೂತಳು.

"ಎಡಕ್ಕೆ," ಎಂದಳು.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಎದ್ದು, ಸದ್ದಾಗದಂತೆ ಕುರ್ಚಿ ಎತ್ತಿಕೊಂಡು ಮಂಚದ ಕಾಲ್ದೆಸೆಯಿಂದ ಸುತ್ತಿ ಬಂದಳು. ಗೋಡೆಗೂ ಮಂಚಕ್ಕೂ ನಡುವೆ ಕುರ್ಚಿಯಷ್ಟೇ ಅಗಲದ ಸಂದಿ. ಮಂಡಿಗಳನ್ನು ಒತ್ತಾಗಿ ಮಡಿಸಿ ಅಲ್ಲಿ ಕೂತು ಮತ್ತೆ ಗಡಿಯಾರ ನೋಡಿದಳು.