ಒತ್ತದೆ ಬರೆಯುವ ಪೆನ್ನು

“ನಿಬ್ಬು ಸೀಳಿಹೋಗಿದೆಯಲ್ಲಮ್ಮ, ಇದಕ್ಕಿನ್ನು ಜೀವ ಬರಲ್ಲ,” ಎಂದು ರಿಪೇರಿಯವನು ಪೆನ್ನನ್ನು ಬಟ್ಟೆ ಹೊಲಿಯುವಾಕೆಯ ಮುಂದೆ ವಾಪಸ್ಸಿಟ್ಟ.

ಅವಳ ಗಂಡನಿಗೆ ಮೈಯ ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಮಾತು ಎಂದೋ ನಿಂತಿತ್ತು. ಬಾಲ್‌ಪೆನ್ನು ಒತ್ತಲು ಬೆರಳಲ್ಲಿ ಕಸುವಿರಲಿಲ್ಲ. ಮೊಬೈಲಿನ ಗಾಜಿನ ಮೇಲೆ ಬೆರಳು ಎಲ್ಲೆಲ್ಲೋ ಜಾರುತ್ತಿತ್ತು. ತನ್ನ ಭಾರಕ್ಕೆ ತಾನೇ ಬರೆಯುವ ಹಳೆಯ ಶಾಯಿ ಪೆನ್ನೊಂದೇ ಅವನ ಬಾಯಾಗಿತ್ತು. ಬೆಳಿಗ್ಗೆ ಅದೂ ನೆಲಕ್ಕೆ ಬಿತ್ತು. ಓಡಿಹೋಗಿ ಹೊಸದು ತಂದಳು. ಅದು ಒತ್ತದೆ ಬರೆಯಲೊಲ್ಲದು.

ಈಗ ಉಸಿರೂ ಕೈಕೊಡುತ್ತಿತ್ತು. ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸುವುದೋ ಬೇಡವೋ, ಅವನನ್ನೇ ಕೇಳಿ ಸಂಜೆಯೊಳಗೆ ತಿಳಿಸಿ ಎಂದಿದ್ದರು ಡಾಕ್ಟರು. ಕೇಳಿದ್ದಳು. ಅವನು ಹೂಂ ಎಂದು ತಲೆಯಾಡಿಸಲಿಲ್ಲ, ಊಹೂಂ ಎಂದೂ ಇಲ್ಲ. ಬರೆಯುವ ಸನ್ನೆ ಮಾಡಿ ಕಣ್ಣೀರು ಸುರಿಸಿದ. ಪಕ್ಕದ ಮನೆಯಾಕೆಯನ್ನು ಅವನ ಬಳಿ ಕೂರಿಸಿ ಬಂದಿದ್ದಳು.

“ಬೇರೆ ಹಳೇವು ಇದ್ರೆ ತೋರ್ಸಿ.”

ರಿಪೇರಿಯವನು ಒಂದನ್ನು ಶಾಯಿಗೆ ಅದ್ದಿ ಗೀಚಿದ. “ನೋಡಿ, ಬೆಣ್ಣೆ ಬೆಣ್ಣೆ!”

“ಅದ್ದಿದ್ರೆ ಕಡ್ಡೀನೂ ಬರೆಯುತ್ತೆ. ತುಂಬಿಸಿ ಕೊಡಿ.”

ಸೂಜಿಯ ಕಣ್ಣು ಹುಡುಕುವಂತೆ ನಿಬ್ಬನ್ನು ಬೆಳಕಿಗೆ ಹಿಡಿದು, ಎರಡು ತುದಿಗಳೂ ಸಮ ಇವೆಯೇ ಎಂದು ನೋಡಿದಳು. ಆಮೇಲೆ ಬೆರಳುಗಳನ್ನು ಸಡಿಲ ಬಿಟ್ಟು, ಗಂಡನ ಕೈ ಜೋಲುವಂತೆಯೇ ಜೋಲಿಸಿ ಎಳೆದಳು. ಕಾಗದದ ನಾರು ಕಿತ್ತುಬಂತು. ಇನ್ನೊಂದು ಎರಡಕ್ಷರ ಬರೆದು ಮುಷ್ಕರ ಹೂಡಿತು. ಮತ್ತೊಂದರ ಕತ್ತು ಸೀಳಿತ್ತು, ಅಂಗೈಯೆಲ್ಲ ಶಾಯಿ.

“ಹೀಗೆ ಸತ್ತ ಕೈಯಲ್ಲಿ ಹಿಡಿದ್ರೆ ಯಾವ ಪೆನ್ನಮ್ಮ ಬರೆಯುತ್ತೆ?” ಅವನು ರೇಗಿದ.

“ನಮ್ಮ ಯಜಮಾನ್ರ ಕೈ ಇರೋದೇ ಹೀಗೆ.”

ಅವಳ ಕಣ್ಣು ಗೂಡಿನಲ್ಲಿದ್ದ ಹಸಿರು ಪೆನ್ನಿನ ಮೇಲೆ ಬಿತ್ತು.

“ಅದು ಹೆಡ್‌ಮಾಸ್ಟರಿಗೆ ಅಂತ ಶಾಯಿ ತುಂಬಿಸಿ ಎತ್ತಿಟ್ಟಿದ್ದೀನಿ, ಮುಟ್ಬೇ—”

ಆಗಲೇ ಅದು ಅವಳ ಕೈಯಲ್ಲಿತ್ತು. ಕಾಗದಕ್ಕೆ ತಾಕಿತೋ ಇಲ್ಲವೋ, ಒದ್ದೆ ಗೆರೆ ಮೂಡಿತು. ವಾಪಸ್ಸಿಗೆ ಅವನು ಕೈ ಚಾಚಿದ. ಅವಳ ಮುಷ್ಟಿ ಬಿಚ್ಚಲಿಲ್ಲ.

“ಕೊಡಲ್ಲ ಅಣ್ಣಾ. ಬೈಯಿರಿ, ಪೊಲೀಸ್ರನ್ನ ಕರೀರಿ. ಕೊಡಲ್ಲ.”

ಅವನು ಅವಳ ಮುಖವನ್ನೇ ನೋಡಿದ. “ತಗೊಂಡ್ಹೋಗಮ್ಮ. ಅವರಿಗೆ ಏನೋ ಒಂದು ಹೇಳ್ಕೋತೀನಿ. ನಿಬ್ಬು ಮೇಲೆ ಮಾಡಿ ಹಿಡ್ಕೋ, ಸೋರುತ್ತೆ.”

ಮನೆಯಲ್ಲಿ ಗಂಡನ ಬೆರಳ ಸಂದಿಗೆ ಪೆನ್ನು ಸಿಕ್ಕಿಸಿ ರಟ್ಟು ಹಿಡಿದಳು. ಅಕ್ಷರಗಳು ತೆವಳುತ್ತ ಬಂದವು: ‘ಹಾಕಿಸು. ಮಗಳ ಹೆರಿಗೆ ಆಗಲಿ. ಮಗು ನೋಡ್ತೀನಿ.’

“ನೋಡಿ ಮತ್ತೆ!” ಎಂದು ಫೋನಿಗೆ ಹಾರಿದಳು. ಪೆನ್ನು ಇನ್ನೂ ಓಡುತ್ತಿತ್ತು.

‘ಆಮೇಲೆ ತೆಗೆಸಿಬಿಡು. ಮಾತು ಕೊಡು.’

“ಮಗು ಮುಖ ನೋಡಿದ್ಮೇಲೆ ನಿಮ್ಮ ಮನಸ್ಸೇ ಬದಲಾಗುತ್ತೆ ಬಿಡಿ.”

ಅವನು ‘ಮಾತು ಕೊಡು’ ಎಂಬುದರ ಕೆಳಗೆ ಗೆರೆ ಎಳೆದ. ಅವಳು ಫೋನಿನಲ್ಲಿ ಡಾಕ್ಟರ ನಂಬರು ಹುಡುಕತೊಡಗಿದಳು. ಮತ್ತೊಂದು ಎಳೆದ. ಪಕ್ಕದ ಮನೆಯಾಕೆ ಮುಖ ತಿರುಗಿಸಿಕೊಂಡಳು. ಮೂರನೆಯ ಗೆರೆಗೆ ಅವನ ಉಸಿರು ಸಿಕ್ಕಿಕೊಂಡು ಕೊರಳು ಎಳೆಯತೊಡಗಿತು.

“ಹೂಂ ರೀ,” ಎಂದಳು. “ಕೊಟ್ಟೆ. ಕೊಟ್ಟೆ, ಸಾಕು ಮಾಡಿ.”

ಶಾಯಿ ಮೆತ್ತಿದ ಬೆರಳಲ್ಲೇ ಡಾಕ್ಟರಿಗೆ ಫೋನು ಹಚ್ಚಿದಳು. ಅತ್ತಲಿಂದ ದನಿ ಕೇಳಿಸಿದಾಗ ಫೋನನ್ನು ಪಕ್ಕದ ಮನೆಯಾಕೆಯತ್ತ ಚಾಚಿದಳು. ಆಕೆ ಇಸಿದುಕೊಂಡು, “ಹಾಕಿ ಅಂತೆ,” ಎಂದಷ್ಟೇ ಹೇಳಿದಳು.