ಬೀಗಿತ್ತಿಯರ ಇಂಜೆಕ್ಷನ್

ಇಲೊಯಿಲೊ ಪಟ್ಟಣದ ಮಾರುಕಟ್ಟೆಯಲ್ಲಿ ಒಣಮೀನು ಮಾರುವ ತಿಯೊಫಿಲಾಳಿಗೂ ಅವಳ ಬೀಗಿತ್ತಿ ಕ್ರಿಸಾಂತಾಳಿಗೂ ಮಕ್ಕಳ ಮದುವೆಯಾದಾಗಿನಿಂದ ಎಲ್ಲದರಲ್ಲೂ ಪೈಪೋಟಿ. ಪಿತ್ತಕೋಶದ ಕಲ್ಲು ಕೂಡ ಇಬ್ಬರಿಗೂ ಒಟ್ಟಿಗೇ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಮಂಚ ಸಿಕ್ಕಿತು.

ಆಪರೇಷನ್ನಿಗೆ ಮುಂಚೆ ಡಾಕ್ಟರ್ ರೆಮೆದಿಯೊಸ್ ಬಂದು ವಿವರಿಸಿದರು. ಗಾಯದಲ್ಲಿ ಕೀವಾಗದಂತೆ ಮೊದಲೇ ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಕೊಡುತ್ತಾರೆ. ಕೆಲವರಿಗೆ ಹೆಸರುವಾಸಿ ಕಂಪನಿಯದು, ಕೆಲವರಿಗೆ ಅದೇ ಔಷಧಿಯ ಅಗ್ಗದ ಜೆನೆರಿಕ್. ಎರಡೂ ಒಂದೇ ಸಮ ಕೆಲಸ ಮಾಡುತ್ತವೆಯೇ ಎಂದು ನೋಡುವ ಪರೀಕ್ಷೆ ಅದು. ಯಾರಿಗೆ ಯಾವುದೆಂದು ಪರೀಕ್ಷೆ ಮುಗಿಯುವವರೆಗೆ ಡಾಕ್ಟರಿಗೂ ಗೊತ್ತಾಗುವುದಿಲ್ಲ. ಒಪ್ಪಲೇಬೇಕೆಂದೇನೂ ಇಲ್ಲ.

ತಿಯೊಫಿಲಾ ಯೋಚನೆಗೆ ಬಿದ್ದಳು. ಅಗ್ಗದ್ದು ತನ್ನ ಪಾಲಿಗೇ ಬಂದರೆ? ಮಗಳ ಹೆರಿಗೆ ಬೇರೆ ಹತ್ತಿರವಾಗಿದೆ. ಅಷ್ಟರಲ್ಲಿ ಕ್ರಿಸಾಂತಾ, “ನಾನಂತೂ ರೆಡಿ” ಎಂದುಬಿಟ್ಟಳು.

ಇನ್ನು ಹಿಂಜರಿಯುವುದುಂಟೆ! “ನನ್ ಹೆಸ್ರೂ ಬರ್ಕೊಳ್ಳಿ ಡಾಕ್ಟ್ರೇ,” ಎಂದಳು ತಿಯೊಫಿಲಾ.

ಆಪರೇಷನ್ನಿನ ಮರುದಿನವೇ ಕ್ರಿಸಾಂತಾ ಶುರುಮಾಡಿದಳು. “ನಂಗ್ ಕೊಟ್ಟಿದ್ದು ಕಂಪನೀದೇ ಕಣ್ರೀ ಬೀಗಿತ್ರೇ. ಮೈಯೆಲ್ಲಾ ಹೂವಿನ ಹಾಗಿದೆ.”

“ಹೂವು ಹಂಗೆ ಗೊರಕೆ ಹೊಡೆಯತ್ತೇನ್ರೀ? ರಾತ್ರಿ ನರ್ಸೇ ಓಡ್ಹೋದ್ಲು!”

ನಗು ಉಕ್ಕಿತು. ಹೊಲಿಗೆ ಜಗ್ಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡರು. “ಅಯ್ಯೋ, ನಗಿಸ್ಬೇಡ್ರೀ!”

ನರ್ಸ್ ಪಟ್ಟಿ ಬಿಚ್ಚಿದಾಗಲೆಲ್ಲ ತಿಯೊಫಿಲಾ ತನ್ನ ಗಾಯಕ್ಕಿಂತ ಮೊದಲು ಬೀಗಿತ್ತಿಯದನ್ನು ಇಣುಕಿ ನೋಡುತ್ತಿದ್ದಳು. ಎರಡರಲ್ಲೂ ಕೆಂಪಿಲ್ಲ, ಬಾವಿಲ್ಲ. ಮೆಲ್ಲಗೆ ಓಡಾಡಲು ಹೇಳಿದಾಗ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡೇ ನಡೆದರು. ಬೀಗಿತ್ತಿಯ ಕೈ ಇಷ್ಟು ಬೆಚ್ಚಗಿದೆಯೆಂದು ತಿಯೊಫಿಲಾಳಿಗೆ ಗೊತ್ತಾದದ್ದೇ ಆಗ.

ತಿಯೊಫಿಲಾಳ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಕೆಲವು ತಿಂಗಳ ಮೇಲೆ, ಚರ್ಚಿನಲ್ಲಿ ಮಗುವಿನ ಜ್ಞಾನಸ್ನಾನವಾದ ದಿನದ ಊಟಕ್ಕೆ ಡಾಕ್ಟರ್ ರೆಮೆದಿಯೊಸ್ ಕೂಡ ಬಂದರು. ಪರೀಕ್ಷೆಯ ಫಲಿತಾಂಶ ಹೊರಬಿದ್ದಿತ್ತು. ಗಾಯ ಕೆಟ್ಟವರು ಎರಡು ಗುಂಪಿನಲ್ಲೂ ತೀರಾ ಕಡಿಮೆ, ಹೆಚ್ಚುಕಡಿಮೆ ಒಂದೇ ಸಮ.

“ಅದಿರ್ಲಿ, ನಮಗ್ಯಾವ್ದು ಕೊಟ್ರಿ?” ಇಬ್ಬರೂ ಒಟ್ಟಿಗೇ ಕೇಳಿದರು.

“ಕ್ರಿಸಾಂತಾ ಅವ್ರಿಗೆ ಕಂಪನೀದು. ನಿಮಗೆ ಜೆನೆರಿಕ್.”

ಕ್ರಿಸಾಂತಾ ಗೆದ್ದವಳಂತೆ ಕೈಯೆತ್ತಿ ಕುಣಿದಳು. ತಿಯೊಫಿಲಾಳ ಮುಖ ಒಂದು ಗಳಿಗೆ ಸಪ್ಪಗಾಯಿತು. ಆಮೇಲೆ ಅವಳು ನಿಧಾನವಾಗಿ ಸೊಂಟದ ಮೇಲೆ ಕೈಯಿಟ್ಟಳು.

“ಅಲ್ರೀ, ನೀವು ದುಬಾರೀದು ಹಾಕಿಸ್ಕೊಂಡು ವಾಸಿಯಾದ್ರಿ. ನಾನು ಅಗ್ಗದ್ರಲ್ಲೇ ವಾಸಿಯಾದೆ. ಜಾಣೆ ಯಾರು?”

ಕ್ರಿಸಾಂತಾ ಡಾಕ್ಟರ ಕಡೆ ತಿರುಗಿದಳು. “ಪಿತ್ತಕೋಶ ತೆಗೆದ್ರೂ ಇವ್ರ ಪಿತ್ತ ಇಳೀಲಿಲ್ವಲ್ಲ ಡಾಕ್ಟ್ರೇ!”

ಚಪ್ಪರವೆಲ್ಲ ನಕ್ಕಿತು. ಈಗ ಹೊಲಿಗೆಯ ಭಯವಿರಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಿಟಾರು ಶುರುವಾದಾಗ ಆಚೆ ಕೈ ಒಬ್ಬಳು, ಈಚೆ ಕೈ ಒಬ್ಬಳು ಹಿಡಿದು ಡಾಕ್ಟರನ್ನು ಕುಣಿಯಲು ಎಳೆದುಕೊಂಡು ಹೋದರು.