ಮಧ್ಯದ ಲ್ಯಾಪ್‌ಟಾಪ್

ಮೂಡುಬಿದಿರೆ ಕಡೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ರಶೀನಾಳಿಗೆ 2006ರ ಆ ವಾರ ತನ್ನ ಬುದ್ಧಿಯ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಎಂ.ಟೆಕ್. ಪದವಿಗಾಗಿ ಅವಳು ಪರೀಕ್ಷಿಸುತ್ತಿದ್ದುದು ಟವರಿನ ಹಂಗಿಲ್ಲದ ಜಾಲವನ್ನು. ಓಡಾಡುವವರ ಕೈಯ ಲ್ಯಾಪ್‌ಟಾಪ್‌ಗಳೇ ಒಂದರಿಂದ ಒಂದಕ್ಕೆ ಸಂದೇಶ ದಾಟಿಸಿ ದೂರ ಮುಟ್ಟಿಸಬೇಕು. ಆದರೆ ಲ್ಯಾಬಿನೊಳಗೆ ದೂರ ಎಲ್ಲಿಂದ ಬರಬೇಕು? ಹೋಟೆಲಿನವರು ತಿಂಡಿ ಕಟ್ಟುವ ಅಲ್ಯೂಮಿನಿಯಂ ಹಾಳೆಯನ್ನು ತುದಿಯ ಎರಡು ಲ್ಯಾಪ್‌ಟಾಪ್‌ಗಳ ವೈರ್‌ಲೆಸ್ ಕಾರ್ಡಿಗೆ ನಾಲ್ಕು ಸುತ್ತು ಸುತ್ತಿ, ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಕೇಳದಂತೆ ಮಾಡಿದಳು. ಮೂರನೆಯದನ್ನು ನಡುವಿನ ಕಾರಿಡಾರಿನಲ್ಲಿ ಸ್ಟೂಲಿನ ಮೇಲಿಟ್ಟಳು. ಅದು ದಾಟಿಸಿದರೆ ಮಾತ್ರ ಸಂದೇಶ ತಲುಪಬೇಕು. ಮರುದಿನ ಹಾಳೆ ಹರಿಯಿತು. ಹೊಸ ಸುರುಳಿ ತರಲು ಉದಾಸೀನವಾಗಿ ಒಂದೇ ಸುತ್ತು ಸುತ್ತಿದಳು.

ಆಮೇಲೆ ನೂರಕ್ಕೆ ತೊಂಬತ್ತೆಂಟು ಸಂದೇಶಗಳು ತಲುಪತೊಡಗಿದವು. ರಶೀನಾ ಕಾರಣ ಹುಡುಕಲಿಲ್ಲ. ಕಾರಣ ತಾನೇ ಎಂದುಕೊಂಡಳು. ವಿಭಾಗದ ಮುಖ್ಯಸ್ಥ ರಮಾನಾಥರಿಗೆ ಹೇಳಿದಳು, ಬಂಟ್ವಾಳದ ಮನೆಯಲ್ಲಿ ತಾಯಿ ಖದೀಜರಿಗೂ ಹೇಳಿದಳು. ಮಗಳು ತಂತಿಯಿಲ್ಲದ ಫೋನು ಕಂಡುಹಿಡಿದಿದ್ದಾಳೆಂದು ಅವರು ನೆರೆಮನೆಗೆ ಸುದ್ದಿ ಮುಟ್ಟಿಸಿದರು. ನೆರೆಮನೆಯಾಕೆಯ ಕೈಯಲ್ಲಿ ಆಗಲೇ ಮೊಬೈಲಿತ್ತು. ರಶೀನಾ ತಿದ್ದಲು ಹೋಗಲಿಲ್ಲ.

ಶನಿವಾರ ಎಲ್ಲ ಅಧ್ಯಾಪಕರೆದುರು ತೋರಿಸುವುದೆಂದಾಯಿತು. ಶುಕ್ರವಾರ ಲ್ಯಾಬಿನ ಅಟೆಂಡರ್ ಧರ್ಣಪ್ಪ ಬಂದು ಬಾಗಿಲಲ್ಲಿ ನಿಂತರು.

"ಮೇಡಂ, ಹೊರಗಿನ ಲ್ಯಾಪ್‌ಟಾಪ್ ತೆಗೆದಿಡ್ಲಿಕ್ಕೆ ಉಂಟಾ? ಮಂಗಳವಾರದಿಂದ ಬಂದ್ ಆಗಿದೆ. ಫೋನ್ ಚಾರ್ಜ್ ಮಾಡ್ಲಿಕ್ಕೆ ಅದರ ಪ್ಲಗ್ಗು ನಾನೇ ತೆಗ್ದದ್ದು."

ಅವಳು ಓಡಿಹೋಗಿ ನೋಡಿದಳು. ಪರದೆ ಕಪ್ಪಾಗಿತ್ತು. ಒಳಗೆ ಸಂದೇಶಗಳು ಮಾತ್ರ ಸರಾಗವಾಗಿ ತಲುಪುತ್ತಲೇ ಇದ್ದವು. ಒಂದೇ ಸುತ್ತಿನ ಹಾಳೆಯೊಳಗಿಂದ ತುದಿಯೆರಡೂ ನೇರವಾಗಿ ಮಾತಾಡಿಕೊಂಡಿದ್ದವು. ಧರ್ಣಪ್ಪನವರ ಮೇಲೆ ಸಿಟ್ಟು ಮಾಡೋಣವೆಂದರೆ ಮರ್ಯಾದೆ ಉಳಿಸಿದವರೇ ಅವರು. ಜ್ವರವೆಂದು ರಜೆ ಹಾಕಬಹುದೇ ಎಂದು ಹಣೆ ಮುಟ್ಟಿ ನೋಡಿಕೊಂಡಳು. ತಣ್ಣಗಿತ್ತು.

ಶನಿವಾರ ಎದ್ದುನಿಂತು ನೇರವಾಗಿ ಹೇಳಿಬಿಟ್ಟಳು. "ಸರ್, ಮಧ್ಯದ ಲ್ಯಾಪ್‌ಟಾಪ್ ಬಂದ್ ಆಗಿ ನಾಲ್ಕು ದಿನ ಆಯ್ತು. ನಾನು ಅದನ್ನೇ ಹೊಗಳ್ತಾ ಇದ್ದೆ."

ಹಿಂದಿನ ಸಾಲಿನವರು ನಕ್ಕರು. ರಮಾನಾಥರು ಕನ್ನಡಕ ಒರೆಸಿಕೊಂಡರು. "ಥೀಸಿಸ್‌ನಲ್ಲಿ ಇದನ್ನೂ ಬರೀರಿ. ಹೀಗೆ ಮೋಸ ಹೋದ ಲ್ಯಾಬ್ ಇದೊಂದೇ ಆಗಿರ್ಲಿಕ್ಕಿಲ್ಲ. ಸೋಮವಾರ ಮೈದಾನಕ್ಕೆ ಹೋಗುವ."

ಮೈದಾನದಲ್ಲಿ ರಶೀನಾ, ರಮಾನಾಥರು, ಧರ್ಣಪ್ಪ ಮೂವರೂ ಒಂದೊಂದು ಲ್ಯಾಪ್‌ಟಾಪ್ ಹೊತ್ತು ಬಿಸಿಲಲ್ಲಿ ನಡೆದರು. ತಲುಪಿದ್ದು ನೂರಕ್ಕೆ ಅರವತ್ತೊಂದು. ಸಂಪರ್ಕ ಕಡಿದ ಕಾರಣಗಳ ಪಟ್ಟಿಯಲ್ಲಿ ಅವಳು ಮೊದಲು, ಧರ್ಣಪ್ಪ ಗೇರುಮರದ ನೆರಳಿಗೆ ಹೋದದ್ದು ಎಂದು ಬರೆದಳು. ಆಮೇಲೆ ಸ್ವಲ್ಪ ಯೋಚಿಸಿ, ಅದಕ್ಕಿಂತ ಹೆಚ್ಚು ಸಲ ಕಡಿದದ್ದು ಸಂಶೋಧಕಿ ಮಾತಿನ ಭರದಲ್ಲಿ ತನ್ನ ಲ್ಯಾಪ್‌ಟಾಪನ್ನೇ ಮುಚ್ಚಿದ್ದರಿಂದ ಎಂದು ಸೇರಿಸಿದಳು.